ಓದುಗರ ಪ್ರಶ್ನೆ: ಹೊಸಿಲಿಗೊಬ್ಬ, ಬದುವಿಗೊಬ್ಬ ದೇವರು

ಕಳೆದ ಸಂಚಿಕೆಯಲ್ಲಿ ಪಂಚಾಂಗದ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ನಾವು ಗುರು ಎನ್ನುವ ಗ್ರಹಕ್ಕೆ ರೋಮನ್ನರು ತಮ್ಮ ದೇವತೆಗಳ ಒಡೆಯನಾದ ಜುಪಿಟರನ ಹೆಸರಿಟ್ಟಿದ್ದರು ಎಂದು ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. ಆ ಸಾಲಿನ ಬೆನ್ನು ಹಿಡಿದು ಮೈಸೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ಇಷ್ಟೊಂದು ಪತ್ರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ರೋಮನ್ನರ ದೇವತೆಗಳಿಗೇ ಬಿಟ್ಟುಕೊಟ್ಟಿದ್ದೇನೆ.

ರೋಮನ್ನರ ದೇವತೆಗಳೆಂದರೆ ಗ್ರೀಕರ ದೇವತೆಗಳಿಗೇ ಬೇರೆ ಹೆಸರಿಟ್ಟದ್ದು ಎಂದು ನಮ್ಮ ಕಾಲದಲ್ಲಿ ಪಾಠ ಹೇಳಿದ್ದರು. ನಾನೂ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟೆ. ಜ್ಯೂಸನೇ ಜುಪಿಟರ್, ಹೀರಾಳೇ ಜುನೊ, ಏರೀಸನೇ ಮಾರ್ಸ್. ಇಷ್ಟೇ ಅಲ್ಲವೇ?
— ನಿವೃತ್ತ ಶಿಕ್ಷಕರೊಬ್ಬರು, ಮಂಡ್ಯ

ತಾವು ಹೇಳಿಕೊಟ್ಟದ್ದು ಪೂರ್ತಿ ತಪ್ಪೇನಲ್ಲ. ಆದರೆ ಅಷ್ಟಕ್ಕೇ ನಿಂತರೆ ರೋಮನ್ನರ ಧರ್ಮದ ದೊಡ್ಡ ಪಾಲು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಸೀಮೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಊರ ಹೊರಗೆ ಬೇವಿನ ಮರದಡಿ ನೆಲೆಸಿದ ಮಾರಮ್ಮನೋ ಪಟ್ಟಲದಮ್ಮನೋ ಯಾರು ಎಂದು ಪುರಾಣ ಬಲ್ಲವರನ್ನು ಕೇಳಿದರೆ ಪಾರ್ವತಿಯ ಅಂಶ ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಕೊಂಡಕ್ಕೆ ಸೌದೆ ಹೊರುವವರ ಮುಂದಿಟ್ಟರೆ ಅಮ್ಮನ ತಂದೆತಾಯಿಯ ವಿಚಾರವನ್ನು ಅವರು ಎತ್ತುವುದೇ ಇಲ್ಲ. ಹಬ್ಬ ಯಾವಾಗ, ಯಾವ ಮನೆತನದವರು ಮೊದಲು ಕೊಂಡ ಹಾಯಬೇಕು, ತಂಬಿಟ್ಟಿನ ಆರತಿ ಯಾರ ಮನೆಯಿಂದ ಬರಬೇಕು, ಯಾವ ಕಾಯಿಲೆಗೆ ಯಾವ ಹರಕೆ ಎಂಬುದನ್ನು ಬೆರಳು ಮಡಿಸಿ ಹೇಳುತ್ತಾರೆ. ರೋಮನ್ನರ ಮೂಲಧರ್ಮವು ಈ ಎರಡನೆಯವರ ಧರ್ಮದ ಜಾತಿಗೆ ಸೇರಿದ್ದು. ದೇವರು ಯಾರ ಮಗ, ಯಾರ ಗಂಡ ಎಂಬ ಕಥೆಗಿಂತ, ಆ ದೇವರು ಮಾಡಿಕೊಡುವ ಕೆಲಸವೇನು, ಅದಕ್ಕೆ ಯಾವ ದಿನ ಏನು ಸಲ್ಲಬೇಕು ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಕಥೆಗಳು ಬಹುಪಾಲು ಗ್ರೀಕರಿಂದ ಆಮೇಲೆ ಬಂದು ಸೇರಿಕೊಂಡವು.

ಜುಪಿಟರ್ ಎಂಬ ಹೆಸರನ್ನೇ ನೋಡಿ. ಅದು ಗ್ರೀಸಿನಿಂದ ಎರವಲು ತಂದದ್ದಲ್ಲ. ಋಗ್ವೇದದ ದ್ಯೌಷ್ಪಿತಾ, ಗ್ರೀಕರ ಜ್ಯೂಸ್ ಪಾತೇರ್, ಲ್ಯಾಟಿನ್ ಭಾಷೆಯ ಜುಪಿಟರ್ ಈ ಮೂರೂ ಒಂದೇ ಬೇರಿನಿಂದ ಒಡೆದ ಚಿಗುರುಗಳು. ಮೂರರ ಅರ್ಥವೂ ಆಕಾಶವೆಂಬ ತಂದೆ. ನಮ್ಮಲ್ಲಿ ಆತ ಇಂದ್ರನ ಅಬ್ಬರದ ಹಿಂದೆ ಮಸುಕಾದ. ರೋಮಿನಲ್ಲಿ ಅವನೇ ಮಳೆ, ಸಿಡಿಲು, ಆಣೆ, ರಾಜ್ಯಾಧಿಕಾರ ಎಲ್ಲಕ್ಕೂ ಒಡೆಯನಾಗಿ ಉಳಿದ. ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಅವನ ಗುಡಿ ಕ್ರಿ.ಪೂ. 509ರಲ್ಲಿ ಪ್ರತಿಷ್ಠೆಯಾಯಿತೆಂದು ರೋಮನ್ನರ ಐತಿಹ್ಯ. ಆ ಗುಡಿಯಲ್ಲಿ ನಡುವೆ ಜುಪಿಟರ್, ಪಕ್ಕಗಳಲ್ಲಿ ಜುನೊ ಮತ್ತು ಮಿನರ್ವಾ, ಹೀಗೆ ಒಂದೇ ಸೂರಿನಡಿ ಮೂರು ಗರ್ಭಗುಡಿಗಳಿದ್ದವು. ಸೋಮನಾಥಪುರದ ತ್ರಿಕೂಟವನ್ನು ಕಂಡವರಿಗೆ ಈ ಏರ್ಪಾಡು ಹೊಸದೆನಿಸದು. ಅಲ್ಲಿ ಗರ್ಭಗುಡಿಗಳು ಮೂರು ದಿಕ್ಕಿಗಿದ್ದರೆ ಇಲ್ಲಿ ಮೂರೂ ಸಾಲಾಗಿ ನಿಂತಿದ್ದವು. ಜುನೊ ಮದುವೆಯ, ಹೆರಿಗೆಯ, ಹೆಣ್ಣುಮಕ್ಕಳ ದೇವತೆ. ಮೊನೆಟಾ ಎಂಬ ಬಿರುದಿನ ಅವಳ ಗುಡಿಯ ಬಳಿ ರೋಮಿನ ಟಂಕಸಾಲೆ ಇದ್ದದ್ದರಿಂದಲೇ ಹಣಕ್ಕೆ ಇಂಗ್ಲಿಷರು ಮನಿ ಎನ್ನುವಂತಾಯಿತು. ಮಿನರ್ವಾ ಕುಶಲಕರ್ಮಿಗಳ, ನೇಯುವವರ, ವೈದ್ಯರ ಮತ್ತು ತಮ್ಮಂಥ ಉಪಾಧ್ಯಾಯರ ದೇವತೆ.

ಗ್ರೀಕರ ಜೊತೆಗಿನ ಹೊಂದಾಣಿಕೆ ಯಾವಾಗ ಗಟ್ಟಿಯಾಯಿತು ಎಂದರೆ, ಕ್ರಿ.ಪೂ. 217ರ ಒಂದು ಸಂದರ್ಭವನ್ನು ಹೇಳಬಹುದು. ರೋಮಿನ ಶತ್ರುವಾದ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ಲನು ಟ್ರಾಸಿಮೀನ್ ಸರೋವರದ ದಡದಲ್ಲಿ ರೋಮನ್ನರ ಸೇನೆಯನ್ನು ನುಚ್ಚುನೂರು ಮಾಡಿದ ಮೇಲೆ, ದಿಕ್ಕುಗೆಟ್ಟ ನಗರವು ಹನ್ನೆರಡು ದೇವತೆಗಳ ವಿಗ್ರಹಗಳನ್ನು ಜೋಡಿ ಜೋಡಿಯಾಗಿ ಆರು ಮಂಚಗಳ ಮೇಲಿರಿಸಿ ಔತಣ ಬಡಿಸಿತು. ಗ್ರೀಕರ ಹನ್ನೆರಡು ಮಂದಿಯ ಪಟ್ಟಿಗೆ ಸರಿಹೊಂದುವಂತೆ ರೋಮನ್ ಹೆಸರುಗಳು ಅಲ್ಲಿ ಸಾಲಾಗಿ ಕುಳಿತವು. ತಾವು ಶಾಲೆಯಲ್ಲಿ ಹೇಳಿಕೊಟ್ಟದ್ದು ಈ ಪಟ್ಟಿಯನ್ನು. ಇದರಲ್ಲಿ ಜಾಗ ಸಿಗದವರ ಸಂಖ್ಯೆಯೇ ದೊಡ್ಡದು, ನನ್ನ ಮಟ್ಟಿಗೆ ಸ್ವಾರಸ್ಯವಿರುವುದೂ ಅವರಲ್ಲಿಯೇ.

ಜನವರಿ ತಿಂಗಳಿಗೆ ಹೆಸರು ಕೊಟ್ಟ ದೇವರಿಗೆ ಎರಡು ಮುಖವಂತೆ. ಎರಡು ಮುಖ ಏಕೆ?
— ಗೃಹಿಣಿಯೊಬ್ಬರು, ಮೈಸೂರು

ಆತ ಬಾಗಿಲಿನ ದೇವರು, ಹೆಸರು ಜೇನಸ್. ಬಾಗಿಲಿಗೆ ಒಳಗೂ ಉಂಟು, ಹೊರಗೂ ಉಂಟು. ಕಾಯುವವನು ಎರಡೂ ಕಡೆ ನೋಡಬೇಕು. ಆರಂಭಗಳೆಲ್ಲ ಅವನವು. ನಾವು ಯಾವ ಪೂಜೆಗೂ ಮೊದಲು ಗಣಪತಿಯನ್ನು ನೆನೆಯುವಂತೆ, ರೋಮನ್ನರು ಯಾವ ದೇವರಿಗೆ ಪ್ರಾರ್ಥನೆ ಸಲ್ಲಿಸುವುದಿದ್ದರೂ ಮೊದಲು ಜೇನಸನ ಹೆಸರು ಹೇಳುತ್ತಿದ್ದರು. ಗ್ರೀಕರಲ್ಲಿ ಇವನಿಗೆ ಸಮಾನನಾದ ದೇವರಿಲ್ಲವೆಂದು ಓವಿಡ್ ಕವಿಯೇ ಹೇಳಿದ್ದಾನೆ. ರೋಮಿನ ಫೋರಂ ಎಂಬ ಚೌಕದ ಬಳಿ ಇದ್ದ ಇವನ ಗುಡಿಯ ಕದಗಳು ಯುದ್ಧಕಾಲದಲ್ಲಿ ತೆರೆದಿರಬೇಕು, ಎಲ್ಲೆಡೆ ಶಾಂತಿ ಇದ್ದಾಗ ಮುಚ್ಚಿರಬೇಕು ಎಂಬುದು ಕಟ್ಟಳೆ. ತಾನು ಹುಟ್ಟುವ ಮೊದಲು ಆ ಕದಗಳು ಮುಚ್ಚಿದ್ದು ಎರಡೇ ಸಲ, ತನ್ನ ಆಳ್ವಿಕೆಯಲ್ಲಿ ಮೂರು ಸಲ ಎಂದು ಅಗಸ್ಟಸ್ ಚಕ್ರವರ್ತಿ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಏಳು ಶತಮಾನಗಳಲ್ಲಿ ಎರಡೇ ಸಲ ಎಂಬ ಲೆಕ್ಕವನ್ನು ಹೆಮ್ಮೆಯಿಂದ ಬರೆಯುವ ರಾಜ್ಯ ಎಂಥದ್ದೆಂಬುದು ಬೇರೆ ಮಾತು.

ತಾವು ಬೆಳಗ್ಗೆ ಎದ್ದು ಹೊಸಿಲು ತೊಳೆದು, ಅರಿಶಿನ ಹಚ್ಚಿ, ಕುಂಕುಮವಿಟ್ಟು, ಎರಡೆಳೆ ರಂಗೋಲಿ ಎಳೆಯುವವರಾಗಿದ್ದರೆ ತಮಗೆ ಇನ್ನೊಂದು ಸಂಗತಿ ಹಿಡಿಸಬಹುದು. ಬಾಗಿಲಿನ ಕಾವಲಿಗೆ ರೋಮನ್ನರಿಗೆ ಜೇನಸ್ ಒಬ್ಬನೇ ಸಾಲಲಿಲ್ಲ: ಕದಗಳಿಗೆ ಫೋರ್ಕುಲಸ್, ಹೊಸಿಲಿಗೆ ಲಿಮೆಂಟಿನಸ್, ತಿರುಗಣಿಗೆ ಕಾರ್ಡಿಯಾ ಎಂಬ ದೇವತೆ ಇದ್ದರು. ಕ್ರೈಸ್ತ ಸಂತ ಅಗಸ್ಟೀನ್ ಇದನ್ನು ಚೆನ್ನಾಗಿ ಗೇಲಿ ಮಾಡಿದ್ದಾನೆ. ಮನೆಗೆ ಒಬ್ಬ ಕಾವಲುಗಾರನನ್ನು ಇಟ್ಟರೆ, ಅವನು ಬರಿಯ ಮನುಷ್ಯನಾದರೂ ಬಾಗಿಲು ಪೂರ್ತಿ ಕಾಯುತ್ತಾನೆ. ಇವರಿಗೆ ಒಂದು ಬಾಗಿಲಿಗೆ ಮೂವರು ದೇವರು ಬೇಕು, ಫೋರ್ಕುಲಸನಿಗೆ ಕದದ ಜೊತೆಗೆ ಹೊಸಿಲನ್ನೂ ನೋಡಿಕೊಳ್ಳುವ ಶಕ್ತಿ ಇಲ್ಲವೇನೋ ಎಂಬುದು ಅವನ ಕುಹಕ. ಗೇಲಿ ಮೊನಚಾಗಿದೆ. ಆದರೆ ಹೊಸಿಲ ಮೇಲೆ ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದ ನನಗೆ ಲಿಮೆಂಟಿನಸನ ಪಕ್ಷವೇ ಸರಿ ಎನಿಸುತ್ತದೆ.

ನಾವು ಉಗಾದಿಗೆ ಹೊನ್ನಾರು ಹೂಡುತ್ತೇವೆ, ಕಣದಲ್ಲಿ ರಾಶಿ ಪೂಜೆ ಮಾಡುತ್ತೇವೆ. ರೋಮನ್ನರ ರೈತರಿಗೂ ಇಂಥ ದೇವರುಗಳಿದ್ದರೇ, ಅಥವಾ ಅವರದು ಬರೀ ರಾಜರ, ಯುದ್ಧದ ದೇವರೇ?
— ರೈತರೊಬ್ಬರು, ಪಾಂಡವಪುರ ತಾಲ್ಲೂಕು

ತಮ್ಮ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಲು ಸಂಪಾದಕರ ಅಪ್ಪಣೆ ಪಡೆದಿದ್ದೇನೆ. ರೋಮ್ ಮೊದಲಿಗೆ ಬೇಸಾಯಗಾರರ ಊರು, ಸಾಮ್ರಾಜ್ಯವಾದದ್ದು ಆಮೇಲೆ. ಧಾನ್ಯದ ತಾಯಿ ಸೆರೆಸ್. ಈಗ ಪಟ್ಟಣಗಳಲ್ಲಿ ಬೆಳಗಿನ ತಿಂಡಿಗೆ ಹಾಲಿಗೆ ಹಾಕಿಕೊಳ್ಳುವ ಸೀರಿಯಲ್ ಎಂಬ ಪೊಟ್ಟಣದ ಮೇಲೆ ಇರುವುದು ಅವಳದೇ ಹೆಸರು. ಅವಳ ಗುಡಿ ಅವೆಂಟೈನ್ ಗುಡ್ಡದ ಮೇಲೆ ಕ್ರಿ.ಪೂ. 493ರಲ್ಲಿ ಪ್ರತಿಷ್ಠೆಯಾಯಿತೆಂದು ಹೇಳುತ್ತಾರೆ. ಅದು ಸಾಮಾನ್ಯ ಜನರ ಗುಡಿಯಾಗಿ, ಅವರ ಪ್ರತಿನಿಧಿಗಳ ಕಾಗದಪತ್ರಗಳ ಕೋಣೆಯಾಗಿಯೂ ಬಳಕೆಯಾಗುತ್ತಿತ್ತು.

ಆದರೆ ಸೆರೆಸಳ ಅರ್ಚಕನು ಬಲಿ ಕೊಡುವಾಗ ಅವಳೊಬ್ಬಳನ್ನೇ ಕರೆಯುತ್ತಿರಲಿಲ್ಲ. ಹೊಲದ ಒಂದೊಂದು ಕೆಲಸಕ್ಕೂ ಒಬ್ಬೊಬ್ಬನಂತೆ ಹನ್ನೆರಡು ಹೆಸರುಗಳನ್ನು ಕೂಗುತ್ತಿದ್ದ. ಆ ಪಟ್ಟಿ ಒಬ್ಬ ಟೀಕಾಕಾರನ ದೆಸೆಯಿಂದ ನಮಗೆ ಉಳಿದುಬಂದಿದೆ. ಬೀಳುಬಿಟ್ಟ ನೆಲವನ್ನು ಮೊದಲು ಉಳುವವನು ವೆರ್ವಾಕ್ಟರ್, ಎರಡನೆಯ ಉಕ್ಕೆ ಹೊಡೆಯುವವನು ರೆಡರಾಟರ್, ಸಾಲು ಎತ್ತುವವನು ಇಂಪೋರ್ಸಿಟರ್, ಬೀಜ ಬಿಡುವವನು ಇನ್ಸಿಟರ್, ಮೇಲೆ ಮಣ್ಣು ಮುಚ್ಚುವವನು ಒಬರಾಟರ್, ಹಲುಬೆ ಎಳೆಯುವವನು ಒಕ್ಕಾಟರ್, ಕುಂಟೆ ಆಡಿಸುವವನು ಸರ್ರಿಟರ್, ಕಳೆ ಕೀಳುವವನು ಸುಬ್ರುಂಕಿನಾಟರ್. ಮುಂದೆ ಕೊಯ್ಲಿಗೆ ಮೆಸ್ಸರ್, ಹೊರೆ ಸಾಗಿಸಲು ಕನ್ವೆಕ್ಟರ್, ಕಣಜ ತುಂಬಲು ಕಾಂಡಿಟರ್, ತುಂಬಿದ ಕಣಜದಿಂದ ಅಳೆದು ಹೊರತೆಗೆಯಲು ಪ್ರೋಮಿಟರ್. ಹೆಸರುಗಳೆಲ್ಲ ಆಯಾ ಕೆಲಸದ ಕ್ರಿಯಾಪದದಿಂದಲೇ ಆದವು. ಕನ್ನಡದಲ್ಲಿ ಉಳುವಪ್ಪ, ಬಿತ್ತಪ್ಪ, ಹೊರುವಪ್ಪ ಎಂದಂತೆ. ಇವರಿಗೆ ಕಥೆಯಿಲ್ಲ, ಹೆಂಡತಿಯಿಲ್ಲ, ಮೂರ್ತಿಯಿಲ್ಲ. ಕೆಲಸದ ಹೊತ್ತಿಗೆ ಬರುತ್ತಾರೆ, ಕೆಲಸ ಮುಗಿದರೆ ಇಲ್ಲ. ಈ ಪಟ್ಟಿಯಲ್ಲಿ ಒಕ್ಕಣೆಗೆ ದೇವರಿಲ್ಲದಿರುವುದನ್ನು ತಾವು ಕೂಡಲೇ ಗುರುತಿಸಿರುತ್ತೀರಿ. ಕೊಯ್ಲಾಯಿತು, ಹೊರೆ ಬಂತು, ನೇರ ಕಣಜಕ್ಕೆ ಹೋಯಿತು. ನಡುವೆ ಕಣವೇ ಇಲ್ಲ. ರಾಶಿ ಪೂಜೆ ಮಾಡುವ ಒಕ್ಕಲಿನವರ ಕೈಗೆ ಸಿಕ್ಕಿದ್ದರೆ ಪಟ್ಟಿ ಹೀಗೆ ಅರೆಬರೆಯಾಗುತ್ತಿರಲಿಲ್ಲ.

ಬೆಳೆರೋಗಕ್ಕೂ ಒಬ್ಬ ದೇವರಿದ್ದ. ಗೋಧಿಗೆ ಬರುವ ತುಕ್ಕು ರೋಗದ ಒಡೆಯ ರೊಬೈಗಸ್; ಅವನ ಹಬ್ಬ ಏಪ್ರಿಲ್ 25. ಆ ದಿನ ಊರ ಹೊರಗಿನ ಅವನ ತೋಪಿಗೆ ಅರ್ಚಕನು ಬಿಳಿಬಟ್ಟೆಯ ಜನರೊಂದಿಗೆ ನಡೆದುಹೋಗಿ, ನಾಯಿಯನ್ನೂ ಕುರಿಯನ್ನೂ ಬಲಿಕೊಡುತ್ತಿದ್ದ. ಹೊರಗಿನಿಂದ ರೋಮಿಗೆ ಮರಳುತ್ತಿದ್ದ ತನಗೆ ಈ ಮೆರವಣಿಗೆ ದಾರಿಯಲ್ಲಿ ಎದುರಾಯಿತೆಂದು ಓವಿಡ್ ವರ್ಣಿಸಿದ್ದಾನೆ. ಅವನು ಅರ್ಚಕನ ಬಾಯಲ್ಲಿ ಇಟ್ಟಿರುವ ಪ್ರಾರ್ಥನೆಯನ್ನು ಕನ್ನಡದಲ್ಲಿ ಹೇಳುವುದು ಬಹಳ ಸುಲಭ, ಏಕೆಂದರೆ ಲ್ಯಾಟಿನ್ನಿನಲ್ಲಿರುವ ಶ್ಲೇಷೆ ನಮ್ಮಲ್ಲಿಯೂ ಇದೆ: ಪೈರಿನ ತುಕ್ಕಿಗೂ ಕಬ್ಬಿಣದ ತುಕ್ಕಿಗೂ ಎರಡು ಭಾಷೆಗಳಲ್ಲಿಯೂ ಒಂದೇ ಪದ. ಎಳೆಯ ಪೈರನ್ನು ಮುಟ್ಟಬೇಡ, ಹಿಡಿಯಲೇಬೇಕೆಂದಿದ್ದರೆ ಕತ್ತಿಯನ್ನು ಹಿಡಿ, ಈಟಿಯನ್ನು ಹಿಡಿ; ಗುದ್ದಲಿ, ನೇಗಿಲುಗಳು ಹೊಳೆಯುತ್ತಿರಲಿ, ಆಯುಧಗಳು ಒರೆಯಲ್ಲೇ ತುಕ್ಕು ತಿನ್ನಲಿ ಎಂಬುದು ಅದರ ತಾತ್ಪರ್ಯ. ಭತ್ತದ ಗದ್ದೆಯಲ್ಲಿ ಬೆಂಕಿ ರೋಗ ಕಂಡ ಬೆಳಗ್ಗೆ ತಾವು ಏನನ್ನು ಬೇಡಿಕೊಂಡಿರುತ್ತೀರೋ ಅದಕ್ಕೂ ಇದಕ್ಕೂ ಹೆಚ್ಚು ದೂರವಿರಲಾರದು.

ಇನ್ನು ಬದುವಿನ ವಿಚಾರ. ಎರಡು ಜಮೀನುಗಳ ನಡುವಿನ ಕಲ್ಲೇ ಟರ್ಮಿನಸ್ ಎಂಬ ದೇವರು. ನಾವು ಬಾಂದುಕಲ್ಲು ಎನ್ನುತ್ತೇವೆ, ಮೋಜಣಿಯವರು ಬಂದು ತೋರಿಸಿಹೋಗುತ್ತಾರೆ, ಆಮೇಲೆ ಅದು ಯಾವುದೋ ಮಳೆಗಾಲದಲ್ಲಿ ಎರಡು ಮೊಳ ಸರಿದಿರುತ್ತದೆ. ರೋಮನ್ನರಲ್ಲಿ ಆ ಕಲ್ಲನ್ನು ಕಿತ್ತವನು ಶಾಪಗ್ರಸ್ತ. ಫೆಬ್ರವರಿ 23ರಂದು ಕಲ್ಲಿನ ಹಬ್ಬ. ಈ ಕಡೆಯ ಹೊಲದವನು ಈ ಬದಿಯಿಂದ, ಆ ಕಡೆಯವನು ಆ ಬದಿಯಿಂದ ಬಂದು, ಒಂದೇ ಕಲ್ಲಿಗೆ ಇಬ್ಬರೂ ಒಂದೊಂದು ಹಾರ, ಒಂದೊಂದು ರೊಟ್ಟಿ ಅರ್ಪಿಸಬೇಕು. ಮನೆಯ ಹೆಂಗಸು ತನ್ನ ಒಲೆಯ ಕೆಂಡವನ್ನು ಒಡೆದ ಮಡಕೆಯ ಹೋಳಿನಲ್ಲಿ ತರುತ್ತಾಳೆ. ಮುದುಕ ಸೌದೆ ಸೀಳಿ ಒಟ್ಟುತ್ತಾನೆ. ಹುಡುಗನು ಹಿಡಿದ ಪುಟ್ಟಿಯಿಂದ ಮೂರು ಸಲ ಬೆಂಕಿಗೆ ಕಾಳು ಹಾಕಿದ ಮೇಲೆ ಪುಟ್ಟ ಹುಡುಗಿ ಜೇನುಹುಟ್ಟಿನ ತುಂಡುಗಳನ್ನು ಇಡುತ್ತಾಳೆ. ಕುರಿಮರಿಯ ರಕ್ತವನ್ನು ಕಲ್ಲಿಗೆ ಚಿಮುಕಿಸಿ, ಕೊನೆಗೆ ಎರಡು ಮನೆಯವರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಹೊಸದಾಗಿ ಕಲ್ಲು ನೆಡುವಾಗಲೂ ಗುಂಡಿಯಲ್ಲಿ ಬಲಿಯನ್ನು ಸುಟ್ಟು, ಆ ಬಿಸಿ ಬೂದಿಯ ಮೇಲೆಯೇ ಕಲ್ಲನ್ನು ನಿಲ್ಲಿಸುತ್ತಿದ್ದರು. ಇದರಲ್ಲಿ ಭಕ್ತಿಯ ಜೊತೆಗೆ ಬುದ್ಧಿವಂತಿಕೆಯೂ ಇದೆ: ಕಲ್ಲನ್ನು ಯಾರಾದರೂ ಸರಿಸಿದರೂ ನೆಲದಡಿಯ ಇದ್ದಿಲು, ಬೂದಿ ಅಲ್ಲಿಯೇ ಉಳಿದು ಸಾಕ್ಷಿ ಹೇಳುತ್ತವೆ. ಕ್ಯಾಪಿಟೊಲೈನ್ ಗುಡ್ಡದ ಮೇಲೆ ಜುಪಿಟರನ ಗುಡಿ ಕಟ್ಟಲು ಹಳೆಯ ದೇವರುಗಳನ್ನೆಲ್ಲ ಶಕುನ ಕೇಳಿ ಎಬ್ಬಿಸಿದಾಗ ಟರ್ಮಿನಸ್ ಮಾತ್ರ ಏಳಲು ಒಪ್ಪಲಿಲ್ಲವಂತೆ. ಕಡೆಗೆ ಅವನ ಕಲ್ಲನ್ನು ಗುಡಿಯ ಒಳಗೇ ಬಿಟ್ಟು, ಬಯಲ ದೇವರಾದ ಅವನಿಗೆ ಆಕಾಶ ಕಾಣುವಂತೆ ಚಾವಣಿಯಲ್ಲಿ ಒಂದು ಕಿಂಡಿ ತೆಗೆಯಬೇಕಾಯಿತು.

ಕ್ಯೂಪಿಡ್ ಎಂದರೆ ನಮ್ಮ ಮನ್ಮಥನೇ ಅಲ್ಲವೇ?
— ಕಾಲೇಜು ವಿದ್ಯಾರ್ಥಿನಿ, ಮೈಸೂರು

ಬಿಲ್ಲು, ಬಾಣ, ಗುರಿ ಮೂರೂ ಒಂದೇ, ಸರಕು ಬೇರೆ. ಮನ್ಮಥನದು ಕಬ್ಬಿನ ಬಿಲ್ಲು, ಹೂವಿನ ಬಾಣ. ಮಂಡ್ಯದವರು ಅವನನ್ನು ತಮ್ಮ ಜಿಲ್ಲೆಯವನೆಂದು ಹೇಳಿಕೊಂಡರೆ ನಾನು ಅಡ್ಡಿ ಹೇಳಲಾರೆ. ವೀನಸಳ ಮಗ ಕ್ಯೂಪಿಡನ ಬತ್ತಳಿಕೆಯಲ್ಲಿ ಓವಿಡ್ ಹೇಳುವಂತೆ ಎರಡು ಬಗೆಯ ಬಾಣಗಳಿವೆ: ಚಿನ್ನದ ಮೊನೆಯದು ಒಲವು ಹುಟ್ಟಿಸುತ್ತದೆ, ಸೀಸದ ಮೊನೆಯದು ಒಲವನ್ನು ಓಡಿಸುತ್ತದೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಬಿಟ್ಟು ತಮಾಷೆ ನೋಡುವುದು ಅವನಿಗೆ ಗೊತ್ತು. ಮನ್ಮಥನಿಗೆ ಸೀಸದ ಬಾಣವಿಲ್ಲ, ಕ್ಯೂಪಿಡನಿಗೆ ಮೈ ಸುಟ್ಟು ಬೂದಿಯಾದ ಕಥೆಯಿಲ್ಲ.

ನಮ್ಮ ಗುರುವಾರ ಗುರುವಿನದು, ರೋಮನ್ನರಲ್ಲಿಯೂ ಅದು ಜುಪಿಟರನದು ಎಂದಿದ್ದೀರಿ. ಏಳು ವಾರಗಳೂ ಹೀಗೆ ಹೊಂದುತ್ತವೆಯೇ? ಹೊಂದುವುದಾದರೆ ಯಾರು ಯಾರಿಂದ ಕಲಿತರು?
— ಬ್ಯಾಂಕ್ ನೌಕರರೊಬ್ಬರು, ಶ್ರೀರಂಗಪಟ್ಟಣ

ಏಳಕ್ಕೆ ಏಳೂ ಹೊಂದುತ್ತವೆ. ಭಾನು, ಸೋಮ ಇದ್ದೇ ಇವೆ. ಮಂಗಳವಾರ ಮಾರ್ಸನದು, ಬುಧವಾರ ವ್ಯಾಪಾರಿಗಳ ದೇವರಾದ ಮರ್ಕ್ಯುರಿಯದು, ಶುಕ್ರವಾರ ವೀನಸಳದು, ಶನಿವಾರ ಸ್ಯಾಟರ್ನನದು. ಇದು ಆಕಸ್ಮಿಕವಲ್ಲ. ಇದರ ಗುಟ್ಟು ತಮ್ಮ ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರಿನ ಹೋರೆಯ ಕೋಷ್ಟಕದಲ್ಲಿಯೇ ಇದೆ. ಆಕಾಶದಲ್ಲಿ ನಿಧಾನವಾಗಿ ಸುತ್ತುವುದರಿಂದ ಬೇಗ ಸುತ್ತುವುದರ ವರೆಗೆ ಜೋಡಿಸಿದರೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮ ಬರುತ್ತದೆ. ದಿನದ 24 ಹೋರೆಗಳನ್ನು ಇದೇ ಕ್ರಮದಲ್ಲಿ ಹಂಚುತ್ತಾ ಹೋಗಿ. ಶನಿವಾರದ ಮೊದಲ ಹೋರೆ ಶನಿಯದು. ಏಳೇಳರಂತೆ ಮೂರು ಸುತ್ತಿಗೆ 21 ಆಯಿತು. ಉಳಿದ ಮೂರು ಶನಿ, ಗುರು, ಕುಜರಿಗೆ. 25ನೆಯದು, ಎಂದರೆ ಮರುದಿನದ ಮೊದಲನೆಯದು, ರವಿಗೆ. ಅದಕ್ಕೇ ಶನಿವಾರದ ಮಾರನೆಯ ದಿನ ಭಾನುವಾರ. ಹೀಗೆಯೇ ಮುಂದುವರಿಸಿದರೆ ಸೋಮ, ಮಂಗಳ ತಾವಾಗಿಯೇ ಬೀಳುತ್ತವೆ.

ಈ ಲೆಕ್ಕ ಬಾಬಿಲೋನಿನ ಗ್ರಹಜ್ಞಾನ ಮತ್ತು ಗ್ರೀಕರ ಜ್ಯೋತಿಷ ಬೆರೆತಲ್ಲಿ ಹುಟ್ಟಿ, ಒಂದು ಕವಲು ರೋಮಿಗೂ ಇನ್ನೊಂದು ನಮ್ಮ ಕಡೆಗೂ ಹರಿಯಿತು. ಹೋರಾ ಎಂಬ ಪದವೇ ಗ್ರೀಕಿನದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟದ ಬೂದಿಯಲ್ಲಿ ಹೂತುಹೋದ ಪೊಂಪೈ ಪಟ್ಟಣದ ಗೋಡೆಯೊಂದರ ಮೇಲೆ ಯಾರೋ ಈ ಏಳು ದೇವರ ದಿನಗಳನ್ನು ಸಾಲಾಗಿ ಗೀಚಿಟ್ಟಿದ್ದಾರೆ. ನಮ್ಮಲ್ಲಿ ವಾರದ ಹೆಸರನ್ನು ಕಾಲಸಹಿತ ಹೇಳುವ ಮೊದಮೊದಲ ದಾಖಲೆಗಳಲ್ಲೊಂದು ಮಧ್ಯಪ್ರದೇಶದ ಏರಣ್ ಎಂಬಲ್ಲಿಯ ಬುಧಗುಪ್ತನ ಕಾಲದ ಸ್ತಂಭಶಾಸನ, ಕ್ರಿ.ಶ. 484ರದು; ಅದರಲ್ಲಿ ಬರುವುದು ಸುರಗುರುವಿನ ದಿವಸ, ಎಂದರೆ ತಾವು ಕೇಳಿದ ಗುರುವಾರವೇ.

ಆದರೆ ಗ್ರಹ ಒಂದೇ ಎಂದ ಮಾತ್ರಕ್ಕೆ ದೇವರೂ ಒಂದೇ ಎಂದುಕೊಳ್ಳಬಾರದು. ರೋಮಿನಲ್ಲಿ ಶುಕ್ರಗ್ರಹ ಚೆಲುವಿನ ಹೆಣ್ಣು, ಜೂಲಿಯಸ್ ಸೀಸರನು ತನ್ನ ಕುಲದ ಮೂಲತಾಯಿ ಎಂದು ಕ್ರಿ.ಪೂ. 46ರಲ್ಲಿ ಗುಡಿ ಕಟ್ಟಿಸಿಕೊಟ್ಟ ವೀನಸ್. ನಮ್ಮಲ್ಲಿ ಅದೇ ಗ್ರಹ ಒಕ್ಕಣ್ಣಿನ ಅಸುರಗುರು. ಸ್ಯಾಟರ್ನನ ವಿಷಯದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಸಾಡೇಸಾತಿ ಎಂದರೆ ಬೆವರುವ ನಮಗೆ, ಅವನ ಹಬ್ಬವು ರೋಮನ್ನರ ವರ್ಷದ ಅತ್ಯಂತ ಗೌಜಿನ ಹಬ್ಬವಾಗಿತ್ತು ಎಂದರೆ ನಂಬುವುದು ಕಷ್ಟ. ಡಿಸೆಂಬರ್ 17ರಿಂದ ಆರಂಭವಾಗುವ ಆ ದಿನಗಳಲ್ಲಿ ಶಾಲೆ, ನ್ಯಾಯಾಲಯಗಳಿಗೆ ರಜೆ, ಬೀದಿಯಲ್ಲಿ ಬಹಿರಂಗ ಜೂಜಿಗೆ ಅನುಮತಿ, ಒಡೆಯನು ಆಳುಗಳಿಗೆ ಬಡಿಸುವ ಪದ್ಧತಿ. ಸ್ಯಾಟರ್ನ್ ಬಿತ್ತನೆಯ ದೇವರು, ಭೂಮಿಯ ಮೇಲೆ ಸತ್ಯಯುಗ ನಡೆಸಿದವನು; ಅವನ ಗುಡಿಯಲ್ಲಿಯೇ ರಾಜ್ಯದ ಖಜಾನೆ ಇತ್ತು. ವರ್ಷವಿಡೀ ಅವನ ಮೂರ್ತಿಯ ಕಾಲುಗಳಿಗೆ ಉಣ್ಣೆಯ ಕಟ್ಟು ಬಿಗಿದಿರುತ್ತಿದ್ದರು, ಹಬ್ಬದ ದಿನ ಮಾತ್ರ ಬಿಚ್ಚುತ್ತಿದ್ದರು. ನಮ್ಮ ಶನಿಯೂ ಕುಂಟ ಎಂದು ನೆನಪಾಗಿ ಎರಡನ್ನೂ ಗಂಟು ಹಾಕಬೇಕೆನಿಸುತ್ತದೆ, ದಯವಿಟ್ಟು ಹಾಕಬೇಡಿ. ಶನೈಶ್ಚರ ಎಂದರೆ ನಿಧಾನವಾಗಿ ನಡೆಯುವವನು, ಆ ಗ್ರಹ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುತ್ತದೆ. ಕುಂಟು ಬಂದದ್ದು ಅಲ್ಲಿಂದ. ಉಣ್ಣೆಯ ಕಟ್ಟು ಬಿತ್ತನೆಯ ದೇವರಿಗೆ ಸೇರಿದ ಬೇರೆಯೇ ಆಚಾರ.

ದಸರಾ ಸಮಯದಲ್ಲಿ ನಡೆಯುವ ಆಯುಧಪೂಜೆಯಂಥದ್ದು ರೋಮನ್ನರಲ್ಲಿ ಇತ್ತೇ?
— ಗ್ಯಾರೇಜ್ ಮಾಲೀಕರೊಬ್ಬರು, ಮೈಸೂರು

ಇತ್ತು, ಅದೂ ಅಕ್ಟೋಬರಿನಲ್ಲಿಯೇ. ಅಕ್ಟೋಬರ್ 19ರಂದು ಆಯುಧಗಳನ್ನು ಶುದ್ಧಿ ಮಾಡಿ ಒಳಗಿಡುವ ಹಬ್ಬ. ಮಾರ್ಚ್ 23ರಂದು ಯುದ್ಧದ ಕಹಳೆಗಳಿಗೂ ಶುದ್ಧಿ. ಎರಡೂ ಮಾರ್ಸನ ಸುತ್ತಲಿನವು. ಆದರೆ ದಿಕ್ಕು ತಿರುವುಮುರುವು. ನಮ್ಮಲ್ಲಿ ಮಳೆ ನಿಂತು ದಾರಿ ಒಣಗಿದ ಮೇಲೆ ರಾಜರು ಸೀಮೋಲ್ಲಂಘನಕ್ಕೆ ಹೊರಡುವ ಕಾಲ ಅದು. ಅಲ್ಲಿ ಚಳಿ ಬರುವ ಮುಂಚೆ ಸೈನಿಕರು ಮನೆಗೆ ಮರಳುವ ಕಾಲ. ನಮ್ಮ ಪೂಜೆ ಆಯುಧ ಹೊರತೆಗೆಯಲು, ಅವರದು ಒಳಗಿಡಲು. ಅವರು ಹೊರಡುವುದು ಮಾರ್ಸನ ಹೆಸರಿನ ಮಾರ್ಚಿಯಲ್ಲಿ. ಆಗ ಅವನ ಅರ್ಚಕರು ಹಳೆಯ ಕಾಲದ ಗುರಾಣಿಗಳನ್ನು ಹಿಡಿದು ಬೀದಿಯಲ್ಲಿ ನೆಗೆಯುತ್ತಾ, ಅವರಿಗೇ ಅರ್ಥವಾಗದಷ್ಟು ಹಳೆಯ ಹಾಡು ಹೇಳುತ್ತಾ ಸಾಗುತ್ತಿದ್ದರು. ಗುರಾಣಿಗಳು ಹನ್ನೆರಡು. ನ್ಯೂಮಾ ರಾಜನ ಕಾಲದಲ್ಲಿ ಆಕಾಶದಿಂದ ಬಿದ್ದದ್ದು ಒಂದೇ. ಅದು ಕಳುವಾಗದಿರಲೆಂದು ಕಮ್ಮಾರನಿಂದ ಅಂಥವೇ ಹನ್ನೊಂದು ಮಾಡಿಸಿ ಬೆರೆಸಿಟ್ಟರಂತೆ.

ಮಾರ್ಸನನ್ನು ಬರಿಯ ಯುದ್ಧದೇವರೆಂದುಕೊಂಡರೆ ಮಾತ್ರ ತಪ್ಪಾಗುತ್ತದೆ. ಕ್ಯಾಟೊ ಎಂಬ ಹಳೆಯ ಜಮೀನುದಾರನು ಬೇಸಾಯದ ಬಗ್ಗೆ ಬರೆಯುತ್ತಾ ಒಂದು ಪ್ರಾರ್ಥನೆಯನ್ನು ಉಳಿಸಿಕೊಟ್ಟಿದ್ದಾನೆ. ಹಂದಿ, ಕುರಿ, ಹೋರಿ ಮೂರನ್ನೂ ಹೊಲದ ಸುತ್ತ ನಡೆಸಿಕೊಂಡು ಬಂದು, ಕಾಣುವ ರೋಗ, ಕಾಣದ ರೋಗ, ಬಂಜೆತನ, ಹಾಳುಗೇಡು ಎಲ್ಲವನ್ನೂ ತಡೆ, ಧಾನ್ಯ, ದ್ರಾಕ್ಷಿ, ಕುರುಬರು, ದನಕುರಿ, ಮನೆಮಂದಿಯನ್ನು ಕಾಪಾಡು ಎಂದು ತಂದೆ ಮಾರ್ಸನನ್ನೇ ಬೇಡುತ್ತಾರೆ. ಎಲ್ಲೆಯಲ್ಲಿ ನಿಂತು ಒಳಗಿನದನ್ನು ಕಾಯುವವನು ಅವನು. ಹೊಲದ ಎಲ್ಲೆಯಾದರೂ ಸರಿ, ರಾಜ್ಯದ ಎಲ್ಲೆಯಾದರೂ ಸರಿ.

ವೆಸ್ಟಾ ದೇವತೆಗೆ ವಿಗ್ರಹವೇ ಇರಲಿಲ್ಲವೆಂದು ಓದಿದ್ದೇನೆ. ನಿಜವೇ?
— ಸಂಸ್ಕೃತ ಅಧ್ಯಾಪಕರೊಬ್ಬರು, ಮೇಲುಕೋಟೆ

ನಿಜ. ಗುಡಿಯ ಒಳಗಿದ್ದದ್ದು ಆರದ ಬೆಂಕಿ, ಅದೇ ದೇವತೆ. ಉಳಿದ ಬಹುಪಾಲು ಗುಡಿಗಳು ಚೌಕನಾಗಿದ್ದರೆ ವೆಸ್ಟಾಳದು ದುಂಡಗೆ. ವೈದಿಕ ಯಜ್ಞದಲ್ಲಿ ಮನೆಯೊಡೆಯನ ಅಗ್ನಿಯಾದ ಗಾರ್ಹಪತ್ಯದ ಕುಂಡ ದುಂಡಗೆ, ಆಹುತಿ ಹಾಕುವ ಆಹವನೀಯದ್ದು ಚೌಕ ಎಂಬುದು ತಮಗೆ ತಿಳಿದೇ ಇದೆ. ಈ ಹೋಲಿಕೆಯನ್ನು ಫ್ರಾನ್ಸಿನ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ ವಿಸ್ತಾರವಾಗಿ ಚರ್ಚಿಸಿದ್ದಾನೆ. ಬೆಂಕಿ ಕಾಯಲು ಆರು ಮಂದಿ ಕನ್ಯೆಯರು. ಆರರಿಂದ ಹತ್ತು ವರ್ಷದೊಳಗಿನ ಹುಡುಗಿಯರನ್ನು ಆರಿಸಿ ತಂದು, ಹತ್ತು ವರ್ಷ ಕಲಿಕೆ, ಹತ್ತು ವರ್ಷ ಸೇವೆ, ಹತ್ತು ವರ್ಷ ಕಿರಿಯರಿಗೆ ಕಲಿಸುವುದು ಎಂದು 30 ವರ್ಷ ಇರಿಸಿಕೊಳ್ಳುತ್ತಿದ್ದರು. ಬಲಿಪಶುವಿನ ಮೇಲೆ ಉದುರಿಸುವ ಉಪ್ಪು ಬೆರೆಸಿದ ಹಿಟ್ಟನ್ನು ಸಿದ್ಧಪಡಿಸುವುದೂ ಅವರ ಕೆಲಸ. ಗೌರವಕ್ಕೆ ಕೊರತೆಯಿರಲಿಲ್ಲ: ತಂದೆಯ ಹಿಡಿತವಿಲ್ಲದೆ ಆಸ್ತಿ ಹೊಂದಬಹುದಿತ್ತು; ವಧೆಗೆ ಹೊರಟ ಅಪರಾಧಿಗೆ ಅಕಸ್ಮಾತ್ತಾಗಿ ಇವರು ಎದುರಾದರೆ ಅವನ ಜೀವ ಉಳಿಯುತ್ತಿತ್ತು. ಬೆಂಕಿ ಆರಿದರೆ ಮಾತ್ರ ಚಾವಟಿಯ ಏಟು. ವ್ರತಭಂಗವಾಯಿತೆಂದು ತೀರ್ಮಾನವಾದರೆ ನೆಲದಡಿಯ ಕೋಣೆಗಿಳಿಸಿ, ದೀಪ, ಒಂದಿಷ್ಟು ರೊಟ್ಟಿ, ನೀರು, ಹಾಲು ಇಟ್ಟು ಮೇಲೆ ಮಣ್ಣು ಮುಚ್ಚುತ್ತಿದ್ದರು. ನಗರಕ್ಕೆ ಸೋಲು ಬಂದ ವರ್ಷಗಳಲ್ಲಿ ಈ ಆರೋಪ ಹೊರಿಸುವುದು ಹೆಚ್ಚಾಗುತ್ತಿತ್ತು ಎಂಬುದನ್ನು ಗಮನಿಸಿದರೆ, ಆರು ಹೆಣ್ಣುಮಕ್ಕಳ ಮೇಲೆ ಎಂಥ ಹೊರೆ ಹೊರಿಸಿದ್ದರೆಂದು ತಿಳಿಯುತ್ತದೆ.

ವೆಸ್ಟಾಳ ಹಬ್ಬದ ಒಂದು ನೋಟ ಮಾತ್ರ ಹಿತವಾದದ್ದು. ಜೂನ್ 9ರಂದು ರೊಟ್ಟಿ ಸುಡುವವರು ಬೀಸುಕಲ್ಲಿಗೆ ಹೂವು ಮುಡಿಸಿ, ಅದನ್ನು ಎಳೆಯುವ ಕತ್ತೆಗಳ ಕೊರಳಿಗೂ ಹಾರ ಹಾಕಿ, ಆ ದಿನ ಅವಕ್ಕೆ ಬಿಡುವು ಕೊಡುತ್ತಿದ್ದರು.

ಅನ್ಯದೇಶದ ದೇವರುಗಳನ್ನು ರೋಮನ್ನರು ತಮ್ಮವರಾಗಿಸಿಕೊಂಡರೆನ್ನುತ್ತಾರೆ. ಹೇಗೆ?
— ಪದವಿ ವಿದ್ಯಾರ್ಥಿ, ಮದ್ದೂರು

ಕೇಳಿ, ಒಪ್ಪಿಸಿ, ಕರೆದುಕೊಂಡು ಬರುತ್ತಿದ್ದರು. ಕ್ರಿ.ಪೂ. 396ರಲ್ಲಿ ನೆರೆಯ ವೆಯಿ ಪಟ್ಟಣವನ್ನು ಗೆದ್ದಾಗ, ಅಲ್ಲಿಯ ಜುನೊ ವಿಗ್ರಹವನ್ನು ತರಲು ಹೋದ ಯುವಕರು ಮಿಂದು, ಬಿಳಿಬಟ್ಟೆಯುಟ್ಟು, ಭಯಭಕ್ತಿಯಿಂದ ಗರ್ಭಗುಡಿಗೆ ಕಾಲಿಟ್ಟರು. ಅವರಲ್ಲೊಬ್ಬನು, ಆವೇಶದಿಂದಲೋ ಹುಡುಗಾಟದಿಂದಲೋ, ಜುನೊ, ರೋಮಿಗೆ ಬರುವೆಯಾ ಎಂದು ಕೇಳಿಯೇಬಿಟ್ಟ. ತಲೆದೂಗಿದಳು ಎಂದು ಉಳಿದವರು ಕೂಗಿದರು. ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತು ಎನ್ನುವ ನಮ್ಮವರಿಗೆ ಆ ಕ್ಷಣದ ಮೈನವಿರು ಅರ್ಥವಾಗುತ್ತದೆ. ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರಿನಿಂದ ಸಿಬೆಲೆ ಎಂಬ ಮಹಾತಾಯಿ ಒಂದು ಕರಿಕಲ್ಲಿನ ರೂಪದಲ್ಲಿ ಹಡಗಿನಲ್ಲಿ ಬಂದಳು. ಆದರೆ ಅವಳ ಅರ್ಚಕರಾಗಲು ರೋಮನ್ ನಾಗರಿಕರಿಗೆ ಬಹುಕಾಲ ಅನುಮತಿಯಿರಲಿಲ್ಲ. ದೇವರಿಗೆ ಸ್ವಾಗತವಿತ್ತು, ಪೂಜೆಯ ಹತೋಟಿ ಸರ್ಕಾರದ ಕೈಯಲ್ಲಿತ್ತು. ಎಪಿಡೌರಸಿನಿಂದ ಹಾವಿನ ರೂಪದಲ್ಲಿ ಬಂದ ವೈದ್ಯದೇವರು ಈಸ್ಕುಲೇಪಿಯಸ್ ಟೈಬರ್ ನದಿಯ ನಡುಗಡ್ಡೆಯಲ್ಲಿ ಇಳಿದನೆಂದು ಐತಿಹ್ಯ. ಆ ನಡುಗಡ್ಡೆಯಲ್ಲಿ ಇಂದಿಗೂ ಒಂದು ಆಸ್ಪತ್ರೆ ಇದೆ. ಅಲ್ಲಿಯ ನದಿತಳದಲ್ಲಿ ಸುಟ್ಟ ಮಣ್ಣಿನ ಕೈ, ಕಾಲು, ಪಾದಗಳು ಸಿಕ್ಕಿವೆ. ನಂಜನಗೂಡಿನಂಥ ಕ್ಷೇತ್ರದಲ್ಲಿ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವುದನ್ನು ಕಂಡವರಿಗೆ ಅವು ಏನೆಂದು ವಿವರಿಸಬೇಕಾಗಿಲ್ಲ. ಜ್ವರಕ್ಕೂ ಫೆಬ್ರಿಸ್ ಎಂಬ ದೇವತೆಯಿದ್ದಳು. ಪ್ಲೇಗು ಬಂದಾಗ ನಮ್ಮವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದಂತೆ, ಅವಳಿಗೂ ಪ್ಯಾಲಟೈನ್ ಗುಡ್ಡದ ಮೇಲೆ ಗುಡಿಯಿತ್ತು.

ಈ ದೇವರುಗಳಲ್ಲಿ ಯಾರಾದರೂ ನಮ್ಮ ನಾಡಿನ ವರೆಗೆ ಬಂದಿದ್ದರೇ?
— ಹೆಸರು ಬರೆಯದ ಓದುಗರು, ಮಂಡ್ಯ

ಪೂಜೆಗೆಂದು ಬಂದವರು ಕೇರಳದ ಕರಾವಳಿಯ ವರೆಗೆ. ಹಳೆಯ ರೋಮನ್ ಭೂಪಟವೊಂದರಲ್ಲಿ ಮುಜಿರಿಸ್ ಬಂದರಿನ ಪಕ್ಕ ಅಗಸ್ಟಸನ ಗುಡಿಯನ್ನು ಗುರುತಿಸಿದ್ದಾರೆ. ಆತ ಸತ್ತ ಮೇಲೆ ದೇವರೆಂದು ಘೋಷಿತನಾದ ಚಕ್ರವರ್ತಿ. ನಮ್ಮ ನಾಡಿಗೆ ಬಂದವರು ಬೆಳ್ಳಿಯ ಮೇಲೆ ಬಂದರು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನಗಳಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಅಲ್ಲಿ ಮೈಸೂರಿನ ಪುರಾತತ್ವ ಇಲಾಖೆಯೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಕೂಡ ಅಗೆತ ನಡೆಸಿದ್ದರು. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಗುವ, ಅಗಸ್ಟಸನ ನಂತರದ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಅವನ ತಲೆಯಿದ್ದರೆ, ಇನ್ನೊಂದು ಬದಿಯಲ್ಲಿ ಪೀಠದ ಮೇಲೆ ಕುಳಿತ ಒಬ್ಬ ಹೆಣ್ಣಿದ್ದಾಳೆ. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಎಲೆಗಳ ಕೊಂಬೆ. ಅವಳು ಶಾಂತಿದೇವತೆ ಪ್ಯಾಕ್ಸ್, ರಾಜಮಾತೆ ಲಿವಿಯಾಳ ಹೋಲಿಕೆಯಲ್ಲಿ ಕೆತ್ತಿದ್ದು ಎಂದು ಹಲವರು ಹೇಳುತ್ತಾರೆ. ಕೊಂಬೆ ಹಿಡಿದು ಕುಳಿತ ಆ ಹೆಣ್ಣನ್ನು ಕಂಡ ಚಂದ್ರವಳ್ಳಿಯ ವರ್ತಕನು ಲಕ್ಷ್ಮಿ ಎಂದುಕೊಂಡಿದ್ದರೆ, ಅವನ ತಪ್ಪೆನ್ನಲು ನನಗೆ ಮನಸ್ಸಿಲ್ಲ.